ಅರ್ಧಕ್ಕೆ ಎದ್ದವನ ಎಲೆ

"ಗುರುಗಳೇ, ಊರಿಗಾಗಿ ಬದುಕಿದವನನ್ನು ಊರು ಹೇಗೆ ನೆನೆಯಬೇಕು?" ಎಂದು ಶಿಷ್ಯ ಕೇಳಿದ.

ಅವನು ಆಗಷ್ಟೇ ಪೇಟೆಯಲ್ಲಿ ಒಂದು ಶ್ರದ್ಧಾಂಜಲಿ ಸಭೆ ಮುಗಿಸಿಕೊಂಡು ಬಂದಿದ್ದ. ಕಣ್ಣು ಇನ್ನೂ ಒದ್ದೆಯಿತ್ತು. ಸತ್ತವರು ಊರಿಗೆ ಬೇಕಾದವರು, ಹತ್ತಾರು ಮಂದಿ ಅವರ ಗುಣಗಾನ ಮಾಡಿದರು, ಒಬ್ಬೊಬ್ಬರ ಮಾತಿಗೂ ಸಭೆ ಅತ್ತಿತು ಎಂದು ಹೇಳಿದ. ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆಯುವ ಕೆಲಸ ಅವನ ಪಾಲಿಗೆ ಬಂದಿತ್ತು. ಹೇಗೆ ಬರೆಯಬೇಕೆಂದು ಗುರುಗಳನ್ನು ಕೇಳಿಕೊಂಡು ಹೋಗೋಣ ಎಂದು ಬಂದಿದ್ದ.

"ಅವರ ಮನೆಯವರು ಏನು ಹೇಳಿದರು?" ಎಂದರು ಗುರುಗಳು.

ಮನೆಯವರನ್ನು ಯಾರೂ ಮಾತಾಡಿಸಲಿಲ್ಲ, ಮುಂದಿನ ಸಾಲಿನಲ್ಲಿ ಕೂರಿಸಿದ್ದರು ಎಂದ ಶಿಷ್ಯ.

ಈ ಗುರುಗಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೂರಿಸಿದ್ದರು ಎಂಬ ಮಾತು ಕೇಳಿ ಅವರ ಮುಖ ಗಂಟಿಕ್ಕಿತು. ಕೂತುಕೋ ಎಂದರು. ಶಿಷ್ಯ ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬ್ಯಾಂಕಿನ ಯಜಮಾನನಿದ್ದ. ಅವನು ತನ್ನ ಮನೆಯ ಜಗಲಿಯ ಮೇಲೆ ಒಂದು ಹಳೆಯ ಮೇಜು ಹಾಕಿಕೊಂಡು ಆ ಬ್ಯಾಂಕನ್ನು ಶುರು ಮಾಡಿದವನು. ಬಳೆ ಮಾರುವವರು, ಇಡ್ಲಿ ಗಾಡಿಯವರು, ಟೆಂಪೋ ಓಡಿಸುವವರು, ಬೇರೆ ಕಡೆ ಬಾಗಿಲಿನಲ್ಲೇ ತಡೆಸಿಕೊಂಡವರೆಲ್ಲ ಅವನ ಜಗಲಿಗೆ ಬಂದರು. ಅವನು ಅವರ ಹೆಸರು ಕೇಳಿದ, ಮಕ್ಕಳ ಹೆಸರು ಕೇಳಿದ, ಮುಂದಿನ ಸಲ ಬಂದಾಗ ಹೆಸರು ಹಿಡಿದು ಕರೆದ. ಊರಿನವರು ಬರಬರುತ್ತಾ ಸಾಲಕ್ಕೆ ಮಾತ್ರವಲ್ಲ, ಮಗಳಿಗೆ ಗಂಡು ನೋಡುವುದಕ್ಕೂ, ಅಣ್ಣತಮ್ಮಂದಿರು ಪಾಲು ಹಂಚಿಕೊಳ್ಳುವುದಕ್ಕೂ, ಮಗನನ್ನು ಯಾವ ಶಾಲೆಗೆ ಸೇರಿಸಬೇಕೆಂದು ಕೇಳುವುದಕ್ಕೂ ಅವನ ಹತ್ತಿರವೇ ಬಂದರು.

ಬ್ಯಾಂಕು ಬೆಳೆಯಿತು. ಅದಕ್ಕೆ ಸ್ವಂತ ಕಟ್ಟಡವಾಯಿತು, ಕೌಂಟರುಗಳಾದವು, ಗೋಡೆಗೆ ದೊಡ್ಡ ಗಡಿಯಾರ ಬಂತು. ಆದರೆ ಊರಿನವರ ಕಾಲಿಗೆ ಮನೆಯ ದಾರಿಯೇ ಅಭ್ಯಾಸವಾಗಿತ್ತು. ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಲ್ಲಬೇಕು, ಹಿಂದೆ ಮುಂದೆ ಇರುವವರು ಕಿವಿ ಕೊಟ್ಟಿರುತ್ತಾರೆ. ಮನೆಯಲ್ಲಾದರೆ ಒಬ್ಬನೇ ಸಿಗುತ್ತಾನೆ. ಮನೆಯಲ್ಲಿ ಅವನು ಯಾವಾಗ ಸಿಗುತ್ತಾನೆ? ಊಟದ ಹೊತ್ತಿಗೆ. ಮಧ್ಯಾಹ್ನ ಒಂದು ಗಂಟೆಗೆ ಎಲೆಯ ಮುಂದೆ ಕೂತಿರುತ್ತಾನೆ, ಆಗ ಹೋದರೆ ಕೆಲಸ ಕೆಡುವುದಿಲ್ಲ ಎಂದು ಇಡೀ ಊರಿಗೆ ಗೊತ್ತಾಯಿತು.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಊಟದ ನಡುವೆ ಎಲೆ ಬಿಟ್ಟು ಎದ್ದವರು ಆ ಎಲೆಗೆ ಮತ್ತೆ ಕೂರಬಾರದು. ಎದ್ದರೆ ಆ ಹೊತ್ತಿನ ಊಟ ಮುಗಿಯಿತು. ಯಜಮಾನ ಬೇರೆ ಯಾವ ಮಡಿ ಮೈಲಿಗೆಯನ್ನೂ ಕಟ್ಟಿಕೊಂಡವನಲ್ಲ, ಯಾರ ಮನೆಯಲ್ಲಿ ಕರೆದರೂ ಕೂತು ಉಣ್ಣುತ್ತಿದ್ದ. ಇದೊಂದು ಮಾತ್ರ ತಾಯಿ ಹೇಳಿದ್ದು ಎಂದು ಬಿಡದೆ ನಡೆಸಿಕೊಂಡು ಬಂದಿದ್ದ. ಹೀಗಾಗಿ ಗೇಟಿನ ಸದ್ದಾಯಿತೆಂದರೆ ಅವನ ಊಟ ಅಲ್ಲಿಗೆ ನಿಂತಿತು ಎಂದೇ ಅರ್ಥ.

ಅವನ ಹೆಂಡತಿಯ ಹೆಸರು ಸುಭದ್ರಮ್ಮ. ನಲವತ್ತೊಂದು ವರ್ಷ ಬಡಿಸಿದವಳು. ಅನ್ನಕ್ಕೆ ಸಾರು ಕಲಸಿ ನಾಲ್ಕು ತುತ್ತು ಆಗುವಷ್ಟರಲ್ಲಿ ಹೊರಗಿನಿಂದ "ಯಜಮಾನ್ರು ಇದಾರಾ?" ಎಂಬ ಕೂಗು ಬರುತ್ತಿತ್ತು. ಅವನ ಕೈ ಅಲ್ಲೇ ನಿಲ್ಲುತ್ತಿತ್ತು. ಅವಳ ಮುಖವನ್ನು ಒಂದು ಸಲ ನೋಡುತ್ತಿದ್ದ, ಎಲೆ ಮಡಚುತ್ತಿದ್ದ, ಏಳುತ್ತಿದ್ದ. ಅವಳು ಆ ಎಲೆಯನ್ನು ಹಾಗೇ ತೆಗೆದುಕೊಂಡು ಹೋಗಿ ಹಿತ್ತಲಿನ ಹಸುವಿನ ಮುಂದೆ ಹಾಕುತ್ತಿದ್ದಳು. ಆ ಹಸು ಊರಿನ ಹಸುಗಳಲ್ಲೆಲ್ಲ ದಷ್ಟಪುಷ್ಟವಾಗಿತ್ತು. ಬಂದವರು ಅದನ್ನು ನೋಡಿ, ಯಜಮಾನ್ರು ಹಸುವನ್ನು ಎಷ್ಟು ಚೆನ್ನಾಗಿ ಸಾಕಿದ್ದಾರೆ ಎಂದು ಹೊಗಳಿ ಹೋಗುತ್ತಿದ್ದರು. ಸುಭದ್ರಮ್ಮನಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಗುತ್ತಿತ್ತು. ಆದರೂ ಹೊಗಳಿದವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟೇ ಕಳಿಸುತ್ತಿದ್ದಳು.

ಮದುವೆಯಾದ ಹೊಸದರಲ್ಲಿ ಒಂದು ಸಲ ಬಾಯಿಬಿಟ್ಟು ಕೇಳಿದಳು.

"ಒಂದು ಹತ್ತು ನಿಮಿಷ ಕಾಯಕ್ಕೆ ಆಗಲ್ವಾ ಅವ್ರಿಗೆ? ನಾನು ಜಗಲಿ ಮೇಲೆ ಕೂರಿಸ್ತೀನಿ. ನೀವು ಉಂಡು ಬನ್ನಿ."

"ಕೇಳಬೇಕು ಅಂತ ಬಂದೋನು ಗೇಟಿನ ತನಕ ಬರಕ್ಕೇ ನೂರು ಸಲ ಯೋಚನೆ ಮಾಡಿರ್ತಾನೆ ಸುಭದ್ರ," ಎಂದ ಅವನು. "ಹತ್ತು ನಿಮಿಷ ಕೂರಿಸಿದ್ರೆ ನಾಚಿಕೆ ಆಗಿ ಎದ್ದು ಹೋಗ್ಬಿಡ್ತಾನೆ. ಆಮೇಲೆ ಇಲ್ಲಿಗೆ ಬರಲ್ಲ. ಇನ್ನೆಲ್ಲಿಗೆ ಹೋಗ್ತಾನೋ ಯಾರಿಗೆ ಗೊತ್ತು?"

ಅವನು ಹೇಳಿದ್ದು ಸರಿಯಾಗಿತ್ತು. ಸರಿಯಾಗಿತ್ತಲ್ಲ ಎಂಬುದೇ ಅವಳ ಸಂಕಟ. ಗೇಟಿಗೆ ಬಂದವರಲ್ಲಿ ಅಂಥವರೂ ಇದ್ದರು, ಇಲ್ಲ ಅನ್ನುವ ಹಾಗಿಲ್ಲ. ಒಂದು ಮಧ್ಯಾಹ್ನ ವಿಷದ ಶೀಶೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ಹೆಂಗಸೊಬ್ಬಳು ಶೀಶೆಯನ್ನು ಅವನ ಕೈಗೇ ಕೊಟ್ಟು ಮನೆಗೆ ಹೋದಳು. ಆ ದಿನ ಸುಭದ್ರಮ್ಮ ಮಡಚಿದ ಎಲೆಯ ಬಗ್ಗೆ ತುಟಿ ಎರಡು ಮಾಡಲಿಲ್ಲ. ಆದರೆ ಅಂಥವರು ನೂರಕ್ಕೆ ಹತ್ತು ಮಂದಿ. ಉಳಿದ ತೊಂಬತ್ತು ಮಂದಿ ಯಾರು? ಬ್ಯಾಂಕಿನ ಕ್ಯಾಲೆಂಡರು ಕೇಳಲು ಬಂದವರು. ಹೊಸ ಸ್ಕೂಟರು ತೋರಿಸಲು ಬಂದವರು. ಈ ಕಡೆ ಹೋಗುತ್ತಿದ್ದೆ, ಹಾಗೇ ಮಾತಾಡಿಸಿಕೊಂಡು ಹೋಗೋಣ ಅನ್ನಿಸಿತು ಎಂದವರು. ಯಜಮಾನ ಎಲ್ಲರಿಗೂ ಒಂದೇ ಸಮನೆ ಎದ್ದ. ಯಾರು ಯಾವ ಬಗೆಯವರು ಎಂದು ಗೇಟಿನ ಸದ್ದಿನಲ್ಲಿ ತಿಳಿಯುವುದಿಲ್ಲವಲ್ಲ.

ಮನೆಯ ಮೇಲೆ ಅವನಿಗೆ ಪ್ರೀತಿ ಕಡಿಮೆ ಇರಲಿಲ್ಲ. ಇದನ್ನು ಸರಿಯಾಗಿ ಕೇಳಿಸಿಕೋ. ಊರಿಗೆ ದೇವರು, ಮನೆಗೆ ಮಾರಿ ಎಂಬ ಜಾತಿಯ ಮನುಷ್ಯನಲ್ಲ ಅವನು. ಬೆಳಿಗ್ಗೆ ಮಗಳ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದವನು ಅವನೇ. ಅವರೆಕಾಯಿಯ ಕಾಲದಲ್ಲಿ ಭಾನುವಾರ ಹೆಂಡತಿ ಮಕ್ಕಳ ನಡುವೆ ಕೂತು, ನೆನೆಸಿದ ಕಾಳನ್ನು ಒಂದೊಂದಾಗಿ ಹಿತುಕುತ್ತಿದ್ದ. ಯಾರ ಬೇಳೆ ದೂರ ಹಾರುತ್ತದೆ ಎಂದು ಮಕ್ಕಳ ಜೊತೆ ಪಂದ್ಯ ಕಟ್ಟುತ್ತಿದ್ದ. ಸುಭದ್ರಮ್ಮ ಬೈಯುತ್ತಾ ನೆಲದ ಮೇಲಿನ ಬೇಳೆ ಆರಿಸುತ್ತಿದ್ದಳು. ಊಟಕ್ಕೆ ಕೂತರೆ ಮೊದಲ ತುತ್ತು ಮಗನ ಬಾಯಿಗೆ, ಎರಡನೆಯದು ಮಗಳ ಬಾಯಿಗೆ. ಎಷ್ಟೋ ದಿನ ಮಗನಿಗೆ ತುತ್ತು ಸಿಕ್ಕಿ ಮಗಳ ಸರದಿ ಬರುವಷ್ಟರಲ್ಲಿ ಗೇಟು ಕಿರುಗುಡುತ್ತಿತ್ತು.

ಮಗಳು ಆರು ವರ್ಷದವಳಿದ್ದಾಗ ಒಂದು ದಿನ ಅಪ್ಪ ಊಟಕ್ಕೆ ಕೂತದ್ದನ್ನು ನೋಡಿ ಓಡಿಹೋಗಿ ಗೇಟಿಗೆ ಚಿಲಕ ಹಾಕಿ ಬಂದಳು. ಯಾರೋ ಬಂದರು, ಗೇಟು ಅಲ್ಲಾಡಿಸಿದರು. ಯಜಮಾನ ಒಂದು ತುತ್ತನ್ನೂ ಮುಟ್ಟದೆ ಎದ್ದುಹೋಗಿ ಚಿಲಕ ತೆಗೆದ. ಮಗಳನ್ನು ಗದರಿಸಲಿಲ್ಲ. ಇನ್ನೊಂದು ಸಲ ಹೀಗೆ ಮಾಡಬಾರದು ಕಂದ ಎಂದ, ಅಷ್ಟೆ. ಆ ಮಗು ಸಂಜೆಯವರೆಗೆ ಅತ್ತಿತು. ತಾನು ಹಾಕಿದ ಚಿಲಕದಿಂದಲೇ ಅಪ್ಪ ಇವತ್ತು ಏನೂ ಉಣ್ಣಲಿಲ್ಲ ಎಂದು ಅದಕ್ಕೆ ಅನ್ನಿಸಿತ್ತು. ಮಕ್ಕಳು ದೊಡ್ಡವರಾದರು. ಹೋದಹೋದಲ್ಲಿ ಊರಿನವರು ಅವರಿಗೆ, ಇಂಥ ಅಪ್ಪನನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದು ಹೇಳಿದರು. ಹೌದು ಎಂದು ತಲೆಯಾಡಿಸುವುದನ್ನು ಬಿಟ್ಟು ಅವರಿಗೆ ಬೇರೆ ದಾರಿಯಿರಲಿಲ್ಲ.

ಕೊನೆಗೆ ಅವನಿಗೆ ಹೊಟ್ಟೆಯಲ್ಲಿ ಹುಣ್ಣಾಯಿತು. ಹೊತ್ತಿಗೆ ಸರಿಯಾಗಿ, ನಿಧಾನವಾಗಿ, ಕೂತ ಕಡೆಯಿಂದ ಏಳದೆ ಉಣ್ಣಬೇಕು ಎಂದರು ಡಾಕ್ಟರು. ಊರಿಗೆ ಸುದ್ದಿ ಹಬ್ಬಿತು. ಊರಿನವರು ಕಂಗಾಲಾದರು. ಯಜಮಾನರ ಆರೋಗ್ಯ ವಿಚಾರಿಸಿಕೊಂಡು ಬರೋಣ ಎಂದು ಹೊರಟರು. ಯಾವ ಹೊತ್ತಿಗೆ ಹೊರಟರು ಎಂದು ನಾನು ನಿನಗೆ ಹೇಳಬೇಕೇ?

ಅವನು ಸತ್ತದ್ದು ಅವರೆಕಾಯಿಯ ಕಾಲದಲ್ಲೇ. ಅನ್ನವೇ ಸೇರದೆ ಎಷ್ಟೋ ದಿನಗಳಾಗಿದ್ದವು, ಆ ದಿನ ತಾನಾಗಿ ಹಿತುಕಿದ ಬೇಳೆ ಸಾರು ಮಾಡು ಎಂದು ಕೇಳಿದ. ಸುಭದ್ರಮ್ಮನಿಗೆ ಹಿಗ್ಗೋ ಹಿಗ್ಗು. ಖಾರ ಕಡಿಮೆ ಹಾಕಿ, ಮೆತ್ತಗೆ ಅನ್ನ ಮಾಡಿ, ಬಿಸಿಬಿಸಿಯಾಗಿ ಬಡಿಸಿದಳು. ಎರಡು ತುತ್ತು ಉಂಡ. ಚೆನ್ನಾಗಿದೆ ಎಂದ. ಗೇಟಿನ ಸದ್ದಾಯಿತು. ಬ್ಯಾಂಕಿನ ಉಪಾಧ್ಯಕ್ಷ ಬಂದಿದ್ದ. ಬ್ಯಾಂಕಿನ ನಲವತ್ತನೆಯ ವರ್ಷದ ಸಮಾರಂಭಕ್ಕೆ ಆಹ್ವಾನ ಪತ್ರಿಕೆ ಅಚ್ಚಾಗಬೇಕಿತ್ತು, ಅದರಲ್ಲಿ ಯಜಮಾನರ ಫೋಟೋ ಎಡಕ್ಕೆ ಹಾಕಿಸುವುದೋ ಬಲಕ್ಕೆ ಹಾಕಿಸುವುದೋ ಎಂದು ಕೇಳಿಕೊಂಡು ಹೋಗಲು ಬಂದಿದ್ದ. ಯಜಮಾನ ಏಳಲು ನೆಲಕ್ಕೆ ಕೈಯೂರಿದ. ಏಳಲಾಗದೆ ಹಾಗೇ ಮಗ್ಗುಲಿಗೆ ವಾಲಿದ. ಸಂಜೆ ಆಸ್ಪತ್ರೆಯಲ್ಲಿ ಪ್ರಾಣ ಹೋಯಿತು.

ಹತ್ತನೆಯ ದಿನ ಬಂತು. ಕೆರೆಯ ದಡದಲ್ಲಿ ಪಿಂಡವಿಟ್ಟು, ಪಕ್ಕದಲ್ಲಿ ಸತ್ತವನಿಗೆ ಇಷ್ಟವಾದುದನ್ನು ಎಲೆಯ ಮೇಲೆ ಬಡಿಸಿ, ಕಾಗೆ ಮುಟ್ಟುವುದನ್ನು ಕಾಯುವುದು ಅವರ ಪದ್ಧತಿ. ಕಾಗೆ ಮುಟ್ಟಿದರೆ ಸತ್ತವನು ಉಂಡು ತೃಪ್ತನಾಗಿ ಹೊರಟ ಎಂದು ಲೆಕ್ಕ. ಮುಟ್ಟದಿದ್ದರೆ ಅವನಿಗೆ ಏನೋ ಆಸೆ ಉಳಿದಿದೆ ಎಂದು, ಬದುಕಿರುವವರು ಕೈಮುಗಿದು ಅದನ್ನು ನಡೆಸಿಕೊಡುತ್ತೇವೆ ಎಂದು ಮಾತು ಕೊಡುತ್ತಾರೆ. ಹೊತ್ತು ನೆತ್ತಿಗೆ ಬಂದರೂ ಕಾಗೆ ಬಾರದಿದ್ದರೆ ಪುರೋಹಿತರು ದರ್ಭೆಯಲ್ಲಿ ಒಂದು ಕಾಗೆ ಮಾಡಿ, ಅದರಿಂದ ಮುಟ್ಟಿಸಿ, ಎಲ್ಲವನ್ನೂ ನೀರಿಗೆ ಬಿಡುತ್ತಾರೆ.

ಸುಭದ್ರಮ್ಮ ಆ ದಿನ ನಸುಕಿನಲ್ಲೇ ಎದ್ದು ಅಡುಗೆ ಮಾಡಿದಳು. ಅದೇ ಸಾರು, ಅದೇ ಮೆತ್ತಗಿನ ಅನ್ನ. ಬೇರೆ ಯಾರಿಗೂ ಸೌಟು ಮುಟ್ಟಲು ಬಿಡಲಿಲ್ಲ. ಅವಳ ಮನಸ್ಸಿನಲ್ಲಿದ್ದದ್ದು ಒಂದೇ. ಈ ಎಲೆಯನ್ನಾದರೂ ಅವನು ಪೂರ್ತಿ ಉಣ್ಣಬೇಕು. ದರ್ಭೆಯ ಕಾಗೆಯಿಂದ ಮುಟ್ಟಿಸಿ ನೀರಿಗೆ ಬಿಟ್ಟರೆ ಅದೂ ಹಸುವಿಗೆ ಹಾಕಿದ ಎಲೆಗಳ ಸಾಲಿಗೆ ಸೇರುತ್ತದೆ. ಹಾಗಾಗಲು ಅವಳು ಬಿಡುವವಳಲ್ಲ.

ಮಗ, ಮಗಳು, ಪುರೋಹಿತರು, ಹತ್ತಿರದ ನಾಲ್ಕು ಜನ ನೆಂಟರು, ಇಷ್ಟು ಮಂದಿ ಕೆರೆಗೆ ಹೋಗುವುದೆಂದು ಮನೆಯವರು ಅಂದುಕೊಂಡಿದ್ದರು. ಆದರೆ ಹಿಂದಿನ ದಿನವೇ ಊರಿನಲ್ಲಿ ಆಟೋಗೆ ಮೈಕು ಕಟ್ಟಿ ಸಾರಿದ್ದರು. ಅಂಗಡಿಗಳು ಮುಚ್ಚಿದವು, ಬ್ಯಾಂಕಿಗೆ ರಜೆ ಕೊಟ್ಟರು. ಮನೆಯವರು ಕೆರೆಗೆ ಹೋಗುವಷ್ಟರಲ್ಲಿ ಅಲ್ಲಿ ಶಾಮಿಯಾನ ಎದ್ದಿತ್ತು, ಕುರ್ಚಿ ಹಾಕಿದ್ದರು, ನಾನೂರು ಐನೂರು ಜನ ಸೇರಿದ್ದರು. ಎಲೆ ಇಡುವುದಕ್ಕೆ ಮುಂಚೆ ಎರಡೆರಡು ಮಾತು ಆಡಿಬಿಡೋಣ ಎಂದ ಉಪಾಧ್ಯಕ್ಷ. ಅವನು ಈಗ ಅಧ್ಯಕ್ಷನಾಗಿದ್ದ. ಸುಭದ್ರಮ್ಮನನ್ನೂ ಮಕ್ಕಳನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದರು.

ಮೊದಲು ಜವಳಿ ಅಂಗಡಿಯವನು ಎದ್ದ. ನಾನು ಕಷ್ಟದಲ್ಲಿದ್ದಾಗ ಯಜಮಾನರ ಮನೆಗೆ ಹೋದೆ, ಊಟಕ್ಕೆ ಕೂತಿದ್ದರು, ನನ್ನ ದನಿ ಕೇಳಿ ಎಲೆ ಬಿಟ್ಟು ಎದ್ದು ಬಂದರು ಎಂದು ಹೇಳಿ ಗದ್ಗದನಾದ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಬಸ್ಸಿನ ಮಾಲೀಕ ಎದ್ದ. ಅವನು ಹೋದಾಗಲೂ ಯಜಮಾನರು ಊಟಕ್ಕೆ ಕೂತಿದ್ದರು, ಎದ್ದು ಬಂದರು. ಶಾಲೆಯ ಮೇಡಮ್ಮು ಎದ್ದರು. ಅವರು ಹೋದಾಗಲೂ ಹಾಗೇ. ಒಬ್ಬೊಬ್ಬರೂ ಅದು ತಮಗೆ ಮಾತ್ರ ಆದದ್ದು ಎಂದು ನಂಬಿದ್ದರು. ಅವರಿಗೆ ಅದು ಒಂದು ದಿನ, ಅವನಿಗೆ ದಿನಾ. ಸುಭದ್ರಮ್ಮನ ಕಣ್ಣ ಮುಂದೆ ಒಂದೊಂದು ಮಾತಿಗೂ ಒಂದೊಂದು ಎಲೆ ಮಡಚಿಕೊಳ್ಳುತ್ತಿತ್ತು. ಯಾವ ಎಲೆಯಲ್ಲಿ ಏನು ಉಳಿದಿತ್ತು ಎಂಬುದು ಸಹ ಅವಳಿಗೆ ನೆನಪಿತ್ತು. ಜವಳಿ ಅಂಗಡಿಯವನು ಬಂದ ದಿನ ಹಬ್ಬ, ಒಬ್ಬಟ್ಟಿಗೆ ತುಪ್ಪ ಹಾಕಿದ್ದಳು.

ಕೊನೆಗೆ ಅಧ್ಯಕ್ಷ ಮೈಕು ಹಿಡಿದ. ಕಡೆಯ ದಿನವೂ ಯಜಮಾನರು ನನಗೋಸ್ಕರ ಎಲೆ ಬಿಟ್ಟು ಏಳಲು ಹೋದರು, ಆ ಭಾಗ್ಯ ನನ್ನದು ಎಂದು ಹೇಳಿ ಕರವಸ್ತ್ರ ತೆಗೆದ. ಊರಿಗೆ ಊರೇ ಅತ್ತಿತು. ಸುಭದ್ರಮ್ಮ ಮಗಳ ಕಡೆ ತಿರುಗಿ ನೋಡಿದಳು. ಮಗಳು ಹಲ್ಲು ಕಚ್ಚಿ ನೆಲ ನೋಡುತ್ತಿದ್ದಳು.

ಆಮೇಲೆ ಕಲ್ಲಿನ ಮೇಲೆ ಎಲೆ ಇಟ್ಟರು. ಜನರೆಲ್ಲ ಎದ್ದು ಬಂದು ಎಲೆಯ ಸುತ್ತ ಕೈಮುಗಿದು ನಿಂತರು. ಪಕ್ಕದ ಹೊಂಗೆಮರದಲ್ಲಿ ಕಾಗೆಗಳಿದ್ದವು. ಅವು ಎಲೆಯನ್ನು ನೋಡಿದವು, ಜನವನ್ನು ನೋಡಿದವು, ಕೊಂಬೆಯಿಂದ ಕೊಂಬೆಗೆ ಹಾರಿದವು, ಕೆಳಗೆ ಇಳಿಯಲಿಲ್ಲ. ಸ್ವಲ್ಪ ಹೊತ್ತು ಕಾದ ಮೇಲೆ ಅಧ್ಯಕ್ಷ ಮುಂದೆ ಬಂದು, ಬ್ಯಾಂಕಿನ ಕಟ್ಟಡಕ್ಕೆ ನಿಮ್ಮ ಹೆಸರು ಇಡುತ್ತೇವೆ ಎಂದು ಮಾತು ಕೊಟ್ಟ. ಕಾಗೆ ಬರಲಿಲ್ಲ. ಸರ್ಕಲ್ಲಿನಲ್ಲಿ ಕಂಚಿನ ಪ್ರತಿಮೆ ನಿಲ್ಲಿಸುತ್ತೇವೆ ಎಂದ ಇನ್ನೊಬ್ಬ. ಬರಲಿಲ್ಲ. ರಸ್ತೆಗೆ ಹೆಸರು, ಶಾಲೆಯಲ್ಲಿ ಫೋಟೋ, ಕಲ್ಯಾಣ ಮಂಟಪ. ಯಾವುದಕ್ಕೂ ಬರಲಿಲ್ಲ. ಪ್ರತಿ ವರ್ಷ ಈ ದಿನ ಊರಿಗೆಲ್ಲ ಹೊಟ್ಟೆ ತುಂಬ ಊಟ ಹಾಕಿಸುತ್ತೇವೆ ಎಂದು ಬಸ್ಸಿನ ಮಾಲೀಕ ಕೂಗಿ ಹೇಳಿದ. ಅವನ ಮಾತು ಕೇಳಲೆಂದು ಹಿಂದಿದ್ದವರು ಮುಂದಕ್ಕೆ ಒತ್ತಿದರು. ಕಾಗೆಗಳು ಇನ್ನೂ ಮೇಲಿನ ಕೊಂಬೆಗೆ ಹೋದವು.

ಪುರೋಹಿತರು ಸೂರ್ಯನನ್ನು ನೋಡಿ ದರ್ಭೆಯ ಕಟ್ಟನ್ನು ಕೈಗೆ ತೆಗೆದುಕೊಂಡರು. ಜನ ಈಗ ಗುಸುಗುಸು ಶುರು ಮಾಡಿದರು. ಊರು ಇಷ್ಟೆಲ್ಲ ಕೊಟ್ಟ ಮೇಲೂ ಬರಲಿಲ್ಲವೆಂದರೆ ತೊಂದರೆ ಮನೆಯವರದೇ ಇರಬೇಕು ಎಂದು ಕಣ್ಣುಗಳು ಸುಭದ್ರಮ್ಮನ ಕಡೆ ತಿರುಗಿದವು. ಗಂಡನ ಅಕ್ಕ ಅವಳ ಕಿವಿಯ ಹತ್ತಿರ ಬಂದಳು.

"ನೀನೇನಾದ್ರೂ ಮನಸ್ಸಲ್ಲಿ ಇಟ್ಕೊಂಡಿದ್ರೆ ಬಿಟ್ಬಿಡಮ್ಮ. ತಪ್ಪಾಯ್ತು ಅಂತ ಅವನಿಗೆ ಕೈಮುಗಿ. ನಿನ್ನ ಕೊರಗೇ ಅಡ್ಡ ಬಂದಿರ್ಬೇಕು."

ಸುಭದ್ರಮ್ಮ ಮುಂದೆ ಬಂದು ನಿಂತಳು. ಹರಕೆ ಹೇಳುತ್ತಾಳೆ ಎಂದುಕೊಂಡು ಯಾರೋ ಅವಳ ಬಾಯಿಗೆ ಮೈಕು ಹಿಡಿದರು. ಅವಳು ಅದನ್ನು ಕೈಯಲ್ಲಿ ಆಚೆಗೆ ತಳ್ಳಿದಳು. ಮೈಕಿಲ್ಲದೆಯೇ ಅವಳ ದನಿ ಕೆರೆಯ ಆಚೆ ದಡಕ್ಕೂ ಕೇಳಿಸಿತು.

"ನಲವತ್ತೊಂದು ವರ್ಷ ಬಡಿಸಿದೀನಿ. ಒಂದು ದಿನಾನೂ ಅವರನ್ನ ಪೂರ್ತಿ ಉಣ್ಣಕ್ಕೆ ಬಿಡಲಿಲ್ಲ ನೀವು. ಎದ್ದು ಬಂದ್ರು, ಎದ್ದು ಬಂದ್ರು ಅಂತ ಚಪ್ಪಾಳೆ ಹೊಡೀತಾ ಇದೀರಲ್ಲ, ಎಬ್ಬಿಸಿದ್ದು ಯಾರು? ಇಷ್ಟು ಜನ ಮಾತಾಡಿದ್ರಿ, ನಾನು ತಪ್ಪು ಹೊತ್ತಲ್ಲಿ ಹೋದೆ ಅಂತ ಒಬ್ಬರ ಬಾಯಲ್ಲಾದ್ರೂ ಬಂತಾ? ಕಾಗೆಗೆ ನಿಮ್ಮ ಪ್ರತಿಮೆ ಬೇಡ. ಎಲೆ ಹತ್ರ ಇಳಿಯಕ್ಕೆ ಅದಕ್ಕೆ ಜಾಗ ಬೇಕು. ಇವತ್ತೊಂದು ದಿನ ಉಣ್ಣಕ್ಕೆ ಬಿಡಿ ಅವರನ್ನ. ಹೋಗಿ ಎಲ್ಲ."

ಊರು ಬೆಪ್ಪಾಗಿ ನಿಂತಿತು. ಅಧ್ಯಕ್ಷ ಕೈ ಹೊಸೆಯುತ್ತಾ, ಅಮ್ಮ, ನಾವೆಲ್ಲ ಅವರ ಮೇಲಿನ ಪ್ರೀತಿಯಿಂದ ಬಂದವರು ಎಂದ.

"ಗೊತ್ತು," ಎಂದಳು ಅವಳು. "ಪ್ರೀತಿ ಇಲ್ದೋರು ಯಾವತ್ತೂ ಊಟದ ಹೊತ್ತಿಗೆ ಬಂದೋರಲ್ಲ."

ಜನ ಹತ್ತು ಹೆಜ್ಜೆ ಹಿಂದೆ ಸರಿದು ನಿಂತರು. ಇಷ್ಟು ಸಾಕಲ್ಲ ಎಂಬ ಹಾಗೆ ಅವಳ ಮುಖ ನೋಡಿದರು. ಸಾಲದು ಎಂದಳು. ಶಾಮಿಯಾನದವರೆಗೆ ಹೋದರು. ಸಾಲದು ಎಂದಳು. ಬೈದುಕೊಂಡವರು ಬೈದುಕೊಂಡರು, ತಲೆ ತಗ್ಗಿಸಿದವರು ತಲೆ ತಗ್ಗಿಸಿದರು. ಅಂತೂ ಕೆರೆಯ ಏರಿ ಹತ್ತಿ ಆಚೆಗೆ ಇಳಿದರು. ಇಳಿದವರು ಹೊರಟುಹೋದರೇ? ಇಲ್ಲ. ಕಾಗೆ ಮುಟ್ಟುತ್ತದೋ ಇಲ್ಲವೋ ನೋಡಬೇಕೆಂದು ಏರಿಯ ಉದ್ದಕ್ಕೂ ತಲೆಗಳು ಎದ್ದವು. ಎಲ್ಲರೂ ಒಳ್ಳೆಯವರೇ. ಒಳ್ಳೆಯವರಿಗೆ ಈ ಚಪಲ ಜಾಸ್ತಿ. ಸುಭದ್ರಮ್ಮ ಸೆರಗು ಸಿಕ್ಕಿಸಿಕೊಂಡು ತಾನೇ ಏರಿ ಹತ್ತಿದಳು. ಕೊನೆಯ ತಲೆ ಕೆಳಗೆ ಇಳಿದು ಊರಿನ ದಾರಿ ಹಿಡಿಯುವವರೆಗೆ ಅಲ್ಲೇ ನಿಂತಳು.

ವಾಪಸು ಬಂದು ಪುರೋಹಿತರನ್ನೂ ನೆಂಟರನ್ನೂ ಕಳಿಸಿದಳು. ಹೊತ್ತು ಮೀರುತ್ತದೆ ಎಂದರು ಪುರೋಹಿತರು. ಹೊತ್ತಿಗೆ ಕೂತು ಅವರು ಯಾವತ್ತೂ ಹೊಟ್ಟೆ ತುಂಬ ಉಂಡವರಲ್ಲ, ಮೀರಿದರೆ ಮೀರಲಿ, ನೀವು ದರ್ಭೆ ಒಳಗಿಡಿ ಎಂದಳು. ಈಗ ಅವಳು, ಮಗ, ಮಗಳು ಮೂವರೇ ಉಳಿದರು. ಕಾಗೆಗಳು ಕೆಳಗಿನ ಕೊಂಬೆಗೆ ಬಂದಿದ್ದವು. ಸುಭದ್ರಮ್ಮ ಎಲೆಯ ಪಕ್ಕದಲ್ಲಿ, ಬಡಿಸುವಾಗ ನಿಲ್ಲುತ್ತಿದ್ದ ಹಾಗೆಯೇ ನಿಂತಳು. ಹಾಗೆ ನಿಂತಾಗ ಅವಳಿಗೆ ಒಂದು ನೆನಪಾಯಿತು. ದಿನವೂ ಹೀಗೆ ನಿಂತು, ಒಂದು ಕಿವಿಯನ್ನು ಗೇಟಿನ ಕಡೆ ಇಟ್ಟುಕೊಂಡು, ಬೇಗ ಉಣ್ಣಿ, ಯಾರಾದರೂ ಬಂದಾರು ಎಂದು ಅವಸರ ಮಾಡುತ್ತಿದ್ದವಳು ತಾನೇ. ಗೇಟಿಗೆ ಯಾರೂ ಬಾರದ ದಿನವೂ ಅವನು ಗಬಗಬನೆ ನುಂಗಿ ಎದ್ದಿದ್ದ. ಅವಳಿಗೆ ಊರಿನ ಮೇಲಿದ್ದ ಸಿಟ್ಟಿನಲ್ಲಿ ಒಂದು ಪಾಲು ತನ್ನ ಮೇಲೂ ಬಂತು. ಬನ್ನಿ ಎಂದು ಮಕ್ಕಳ ಕೈ ಹಿಡಿದಳು. ನಾವೂ ಹೋದರೆ ಮುಟ್ಟಿದ್ದು ಗೊತ್ತಾಗುವುದು ಹೇಗೆ ಎಂದ ಮಗ. ಉಣ್ಣುವವರಿಗೆ ಗೊತ್ತಾದರೆ ಸಾಕು ಎಂದಳು. ಮೂವರೂ ಹಿಂದಿರುಗಿ ನೋಡದೆ ಏರಿ ಹತ್ತಿ ಮನೆಗೆ ಬಂದರು.

ಮನೆಗೆ ಬಂದಾಗ ಒಂದು ಗಂಟೆ ದಾಟಿತ್ತು. ಸುಭದ್ರಮ್ಮ ಗೇಟಿಗೆ ಚಿಲಕ ಹಾಕಿದಳು. ಮೂರು ಎಲೆ ಹಾಕಿ, ಮಕ್ಕಳ ಜೊತೆಯಲ್ಲೇ ತಾನೂ ಕೂತಳು. ನಾಲ್ಕು ತುತ್ತು ಆಗಿರಬೇಕು, ಹೊರಗಿನಿಂದ ಯಾರೋ ಕರೆದರು. ಮಗನ ಕೈ ನಿಂತಿತು. ಮಗಳ ಕೈ ನಿಂತಿತು. ಉಣ್ಣಿ ಎಂದಳು ಸುಭದ್ರಮ್ಮ. ಮೂವರೂ ಸಾರನ್ನ ಮುಗಿಸಿದರು, ಮಜ್ಜಿಗೆ ಅನ್ನವನ್ನೂ ಮುಗಿಸಿದರು, ಎಲೆಯಲ್ಲಿ ಒಂದು ಅಗುಳೂ ಬಿಡಲಿಲ್ಲ. ಆಮೇಲೆ ಅವಳು ಕೈ ತೊಳೆದು ಹೋಗಿ ಗೇಟು ತೆಗೆದಳು. ಕರೆದವಳು ಹೂ ಮಾರುವ ಹೆಂಗಸು. ಗೇಟಿನ ಹೊರಗೆ ಮೋರಿಯ ಕಲ್ಲಿನ ಮೇಲೆ ಕೂತಿದ್ದಳು. ಯಜಮಾನರಿಲ್ಲದ ಮೇಲೆ ಬ್ಯಾಂಕಿನಲ್ಲಿ ಯಾರನ್ನು ಕೇಳಬೇಕೋ ತಿಳಿಯದೆ ಬಂದಿದ್ದಳು. ಪಾಪ, ಎಷ್ಟು ಹೊತ್ತಾಯಿತು ನೀನು ಬಂದು ಎಂದು ಸುಭದ್ರಮ್ಮ ಕೇಳಿದಳು. ಊಟ ಆಗಲಿ ಅಂತ ಕೂತಿದ್ದೆ ಕಣವ್ವ ಎಂದಳು ಅವಳು. ಸುಭದ್ರಮ್ಮ ಅವಳನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಏನು ಸಮಾಚಾರ ಹೇಳು ಎಂದಳು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನ ಮನಸ್ಸು ಇನ್ನೂ ಕೆರೆಯ ದಡದಲ್ಲೇ ಇತ್ತು.

"ಗುರುಗಳೇ, ಕೊನೆಗೆ ಕಾಗೆ ಬಂತೇ?" ಎಂದು ಕೇಳಿದ.

"ನೀನಿನ್ನೂ ಏರಿಯ ಮೇಲೆ ನಿಂತು ಇಣುಕುತ್ತಲೇ ಇದ್ದೀಯಾ?" ಎಂದರು ಗುರುಗಳು.